ಗುಂಡೆಸೆತದ ಬೋರಮ್ಮ ಮತ್ತು ಒಂಬತ್ತು ಮೆಟ್ಟಿಲು

ಅಕ್ಕೂರಿನ ಶಾಲೆಯಲ್ಲಿ ನಾನು ಇಪ್ಪತ್ತಾರು ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ಅಷ್ಟು ವರ್ಷದಲ್ಲಿ ನನ್ನ ಮಕ್ಕಳ ಪೈಕಿ ಆಟದಲ್ಲಿ ಹೆಸರು ಮಾಡಿದವಳು ಒಬ್ಬಳೇ ಒಬ್ಬಳು. ಶಾಲೆಯಲ್ಲಿದ್ದಷ್ಟು ದಿನ ನಾನು ಒಮ್ಮೆಯೂ ಆಟಕ್ಕೆ ಬಿಡದಿದ್ದ ಹುಡುಗಿ ಅವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇ. ಆದರೆ ಬೋರಮ್ಮನ ಕತೆ ಹೇಳುವಾಗ ಈ ಮಾತನ್ನು ನುಂಗಿಕೊಂಡರೆ ಅವಳೇ ಬಂದು ಕಕ್ಕಿಸುತ್ತಾಳೆ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ.

ಬೋರಮ್ಮನಿಗೆ ಮೂರು ವರ್ಷವಿದ್ದಾಗ ಜ್ವರ ಬಂತು. ಜ್ವರ ಇಳಿಯಿತು, ಎರಡು ಕಾಲಿನ ಶಕ್ತಿಯೂ ಅದರ ಜೊತೆಗೇ ಇಳಿದುಹೋಯಿತು. ಅವರಪ್ಪ ಹೆಗಲ ಮೇಲೆ ಹೊತ್ತು ತಂದು ಶಾಲೆಯಲ್ಲಿ ಇಳಿಸಿ ಹೋಗುತ್ತಿದ್ದ. ಪಾಠ ಚೆನ್ನಾಗಿ ಕಲಿಯುತ್ತಿದ್ದಳು. ಪಿ.ಟಿ. ಪೀರಿಯಡ್ಡು ಬಂದಾಗ ಮಾತ್ರ ನಾನು ಅವಳನ್ನು ಹೊಂಗೆಮರದ ಕೆಳಗೆ ಕೂರಿಸಿ, ಉಳಿದ ಮಕ್ಕಳ ಚಪ್ಪಲಿ ಕಾಯಲು ಹೇಳುತ್ತಿದ್ದೆ. ಅದು ಕರುಣೆ ಎಂದೇ ಆಗ ತಿಳಿದಿದ್ದೆ. ಒಂದು ದಿನ ಕಬಡ್ಡಿ ಅಂಕಣಕ್ಕೆ ನುಗ್ಗಿದ ನಾಯಿಗೆ ಅವಳು ಕೂತಲ್ಲಿಂದಲೇ ಚಪ್ಪಲಿ ಬೀಸಿದಳು. ನಾಯಿ ಕುಂಯ್ಗುಟ್ಟಿ ಓಡಿತು. ಎಂಥ ಗುರಿ ಎಂದು ಹುಡುಗರು ಕೇಕೆ ಹಾಕಿದರು. ನಾನು ಪೀಪಿ ಊದಿ ಎಲ್ಲರನ್ನೂ ಸುಮ್ಮನಾಗಿಸಿದೆ. ಮೇಷ್ಟ್ರಾದವನಿಗೆ ಕಣ್ಣಿದ್ದರೆ ಸಾಲದು, ಅದನ್ನು ಬಿಟ್ಟುಕೊಂಡೂ ಇರಬೇಕು.

ಏಳನೇ ಕ್ಲಾಸಿಗೆ ಶಾಲೆ ಮುಗಿಸಿ ಬೋರಮ್ಮ ಮನೆಯ ರೇಷ್ಮೆ ಹುಳುವಿನ ಕೆಲಸಕ್ಕೆ ಕೂತಳು. ಕೂತಳು ಎಂದರೆ ನಿಜವಾಗಿ ಕೂತೇ, ದಿನಕ್ಕೆ ನಾಲ್ಕು ಹೊತ್ತು ಹುಳುವಿಗೆ ಸೊಪ್ಪು ಹೆಚ್ಚುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು. ಎರಡು ಸಾವಿರದ ಒಂದರಲ್ಲಿ ಅವಳಿಗೆ ಸರ್ಕಾರದ ಮೂರು ಗಾಲಿ ಸೈಕಲ್ಲು ಸಿಕ್ಕಿತು. ಅದರ ಪೆಡಲನ್ನು ಕೈಯಿಂದ ತಿರುಗಿಸಬೇಕು. ನಮ್ಮ ಕಡೆಯ ಏರು, ತಗ್ಗು, ಹಳ್ಳ ಬಿದ್ದ ರಸ್ತೆಯಲ್ಲಿ ಅದನ್ನು ತಿರುಗಿಸಿ ತಿರುಗಿಸಿ ಆರು ವರ್ಷದಲ್ಲಿ ಅವಳ ತೋಳು ಒನಕೆಯಂತಾಯಿತು. ಅದೇ ಕಾಲಕ್ಕೆ ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೊಂದು ಎದ್ದವು. ಊರಿನ ಗಂಡಸರು ಹೊತ್ತು ಹುಟ್ಟುವ ಮೊದಲೇ ಕಂಪನಿ ಬಸ್ಸು ಹತ್ತತೊಡಗಿದರು. ಬೋರಮ್ಮನ ಅಣ್ಣ ನಾಗರಾಜುವೂ ಹತ್ತಿದ. ಹೀಗಾಗಿ ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವ ಕೆಲಸವೂ ಅವಳ ಪಾಲಿಗೆ ಬಂತು. ಲಗ್ಗೇಜ್ ಆಟೋದಲ್ಲಿ ಗೂಡಿನ ಮೂಟೆ, ಮೂಟೆಯ ಪಕ್ಕ ಸೈಕಲ್ಲು, ಮುಂದೆ ಡ್ರೈವರ್ ಪಕ್ಕ ಬೋರಮ್ಮ. ಹರಾಜಿನಲ್ಲಿ ಅವಳ ಬಾಯಿಗೆ ಸಿಕ್ಕ, ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳು ಇನ್ನೊಂದು ರೂಪಾಯಿ ಏರಿಸಿಯೇ ಬಿಡಿಸಿಕೊಳ್ಳುತ್ತಿದ್ದರು.

ಎರಡು ಸಾವಿರದ ಏಳರ ನವೆಂಬರಿನಲ್ಲಿ ಒಂದು ಸಂಜೆ ನಾನು ಅವರ ಮನೆ ಮುಂದೆ ಹೋಗುತ್ತಿದ್ದೆ. ಜೇಬಿನಲ್ಲಿ ಒಂದು ಕರಪತ್ರವಿತ್ತು. ಚನ್ನಪಟ್ಟಣದ ಗೊಂಬೆನಾಡು ಕಲಾ ಕ್ರೀಡಾ ಸಂಘದವರು ಡಿಸೆಂಬರ್ ಮೂರಕ್ಕೆ ಅಂಗವಿಕಲರ ಕ್ರೀಡಾಕೂಟ ಇಟ್ಟಿದ್ದರು, ಊರಿಗೊಬ್ಬರನ್ನಾದರೂ ಕಳಿಸಿ ಎಂದು ಬರೆದಿದ್ದರು. ಯಾರನ್ನು ಕಳಿಸುವುದೆಂದು ಯೋಚಿಸುತ್ತಿದ್ದಾಗಲೇ ಪಕ್ಕದ ಮನೆಯ ಆಡೊಂದು ಬೋರಮ್ಮನ ಸೊಪ್ಪಿನ ರಾಶಿಗೆ ಬಾಯಿ ಹಾಕಿತು. ಸೈಕಲ್ಲಿನಲ್ಲಿ ಕೂತಿದ್ದ ಅವಳು ಕೈಗೆ ಸಿಕ್ಕ ಎಳನೀರಿನ ಬುರುಡೆ ಎತ್ತಿ ಎಸೆದಳು. ಅದು ರಸ್ತೆ ದಾಟಿ, ಆಡಿನ ಬಾಲ ಸವರಿಕೊಂಡು, ಆಚೆಯ ಬೇಲಿಗೆ ಹೋಗಿ ಬಿತ್ತು.

ನಾನು ನಿಂತುಬಿಟ್ಟೆ. "ಬೋರಮ್ಮ, ಇನ್ನೊಂದ್ ಸಲ ಎಸಿ."

"ಯಾಕ್ ಸಾ? ಆಡು ಓಯ್ತಲ್ಲ."

"ಆಡಿಗಲ್ಲ ಕಣಮ್ಮ, ನನಗೆ."

"ನಿಮ್ಗಾ? ನೀವೇನ್ ಸೊಪ್ಪಿಗೆ ಬಾಯಾಕಿದ್ರಾ?"

ಎಸೆದಳು. ನಾನು ಹೆಜ್ಜೆ ಹಾಕಿ ಅಳೆದೆ, ಹದಿಮೂರು ಹೆಜ್ಜೆ. ಕರಪತ್ರ ತೆಗೆದು ತೋರಿಸಿದೆ. ಅವಳು ಎರಡು ಸಲ ಓದಿದಳು. ಆಮೇಲೆ ನನ್ನ ಮುಖ ನೋಡಿದಳು.

"ಈಗ ಗ್ಯಾಪಕ ಬಂದ್ನಾ ಸಾ ನಾನು? ಚಪ್ಲಿ ಕಾಯಕ್ಕೆ ಕುಂಡ್ರುಸ್ತಿದ್ರಲ್ಲ."

"ತಪ್ಪಾಯ್ತು ಕಣಮ್ಮ."

ಇಪ್ಪತ್ತು ವರ್ಷದಿಂದ ಈ ಮಾತು ನನ್ನ ಬಾಯಿಂದ ಬರಲೆಂದು ಕಾಯುತ್ತಿದ್ದಳೋ ಏನೋ, ಕರಪತ್ರ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು "ಗುಂಡು ಎಷ್ಟ್ ತೂಕ ಇರ್ತದೆ?" ಎಂದು ಕೇಳಿದಳು.

ಮಾರನೆಯ ದಿನ ಶಾಲೆಯಿಂದ ಮೂರು ಕೆಜಿಯ ಕಬ್ಬಿಣದ ಗುಂಡು ಒಯ್ದೆ. ಕುತ್ತಿಗೆಗೆ ಒತ್ತಿ ಹಿಡಿದು ತಳ್ಳಬೇಕು, ಕಲ್ಲಿನ ಹಾಗೆ ಬೀಸಬಾರದು ಎಂದು ಹೇಳಿಕೊಟ್ಟೆ. ಮೊದಲನೆಯ ದಿನ ಗುಂಡು ಕೋಳಿಗೂಡಿನ ಹೆಂಚು ಒಡೆದು ಒಳಗೆ ಬಿತ್ತು. ಕೋಳಿಗಳಿಗೇನೂ ಆಗಲಿಲ್ಲ, ಆದರೆ ಎರಡು ದಿನ ಮೊಟ್ಟೆ ಇಡಲಿಲ್ಲವೆಂದು ಅವಳ ಅತ್ತಿಗೆ ನನಗೆ ಕಾಫಿ ಕೊಡುವುದನ್ನು ನಿಲ್ಲಿಸಿದಳು. ಮೂರು ವಾರ ದಿನಾ ಸಂಜೆ ಎಸೆದಳು. ಹುಳು ಪೊರೆ ಕಳಚಲು ನಾಲ್ಕನೇ ಜ್ವರಕ್ಕೆ ಕೂತು ಮೇವು ಬಿಟ್ಟಿದ್ದಾಗ ಮಧ್ಯಾಹ್ನವೂ ಎಸೆದಳು.

ಡಿಸೆಂಬರ್ ಮೂರು ಬಂತು. ಸಂಘಕ್ಕೆ ಚನ್ನಪಟ್ಟಣದ ಹೊರಗೆ ಸ್ವಂತ ಮೈದಾನ, ಮೈದಾನಕ್ಕೆ ಅಂಟಿಕೊಂಡಂತೆ ಸ್ವಂತ ಕಲಾಭವನ. ಎರಡನ್ನೂ ಕಟ್ಟಿಸಿದವರು ಸಂಘದ ಅಧ್ಯಕ್ಷ ದೊಡ್ಡಮುನಿಯಪ್ಪನವರು. ಕೆಲಸದಲ್ಲಿ ಕಂಟ್ರಾಕ್ಟರು, ಬಿಡದಿಯ ಫ್ಯಾಕ್ಟರಿಗಳಿಗೆ ಕಾಂಪೌಂಡು, ಶೆಡ್ಡು ಕಟ್ಟಿ ಮೇಲೆ ಬಂದವರು. ಅಗಲವಾದ ಮೈಯಿ, ಅದಕ್ಕಿಂತ ಅಗಲವಾದ ಮನಸ್ಸು, ಎಲ್ಲಕ್ಕಿಂತ ಅಗಲವಾದ ಭಾಷಣ. ಕಲಾಭವನದ ವೇದಿಕೆಗೆ ಅವರು ಅರಮನೆಯ ಹಾಗೆ ಕಾಣಲೆಂದು ಒಂಬತ್ತು ಕಪ್ಪುಕಲ್ಲಿನ ಮೆಟ್ಟಿಲು ಮಾಡಿಸಿದ್ದರು. ಪಾಲಿಶ್ ಎಷ್ಟೆಂದರೆ ಬಗ್ಗಿ ಮೀಸೆ ತಿದ್ದಿಕೊಳ್ಳಬಹುದಿತ್ತು.

ಬೋರಮ್ಮ ಕುರ್ಚಿಯ ಮೇಲೆ ಕೂತು ಎಸೆದ ಗುಂಡು ಐದು ಮೀಟರ್ ಹತ್ತು ಸೆಂಟಿಮೀಟರ್ ಹೋಯಿತು. ಎರಡನೆಯವಳದು ನಾಲ್ಕು ಮೀಟರ್ ಕೂಡ ಮುಟ್ಟಲಿಲ್ಲ. ನಾನು ಮೈದಾನದಲ್ಲಿ ಕುಣಿದೆನೆಂದು ಜನ ಹೇಳುತ್ತಾರೆ. ಇರಬಹುದು.

ಸಂಜೆ ಬಹುಮಾನ ಹಂಚುವ ಮೊದಲು ದೊಡ್ಡಮುನಿಯಪ್ಪನವರು ನಲವತ್ತು ನಿಮಿಷ ಮಾತಾಡಿದರು. "ನೀವೆಲ್ಲ ಸಾಧನೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಮೇಲೆ ಬರಬೇಕು!" ಎಂದು ಮೂರು ಸಲ ಕೈಯೆತ್ತಿ ಹೇಳಿದರು. ಕೆಳಗೆ ಮೂರು ಗಾಲಿಯ ಸೈಕಲ್ಲುಗಳು, ಒಟ್ಟು ಇಪ್ಪತ್ತೆರಡು, ಸಾಲಾಗಿ ನಿಂತಿದ್ದವು. ಯಾರಿಗೂ ನಗು ಬರಲಿಲ್ಲ, ಬೋರಮ್ಮನೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಓಟದಲ್ಲಿ ಗೆದ್ದ ಕಿವುಡ ಹುಡುಗಿ ಸರಸರನೆ ಹತ್ತಿ ಬಹುಮಾನ ತೆಗೆದುಕೊಂಡಳು. ಹಾಡಿನಲ್ಲಿ ಗೆದ್ದ ಕುರುಡರೊಬ್ಬರನ್ನು ಕೈಹಿಡಿದು ಹತ್ತಿಸಿದರು. ಆಮೇಲೆ ಬೋರಮ್ಮನ ಹೆಸರು ಕೂಗಿದರು. ಅವಳು ಸೈಕಲ್ಲನ್ನು ಮೊದಲ ಮೆಟ್ಟಿಲಿನವರೆಗೂ ತಂದು ನಿಲ್ಲಿಸಿದಳು. ಸಂಘದ ನಾಲ್ಕು ಜನ ಅವಳನ್ನು ಎತ್ತಲು ಬಂದರು.

"ಮುಟ್ಬ್ಯಾಡಿ ಕಣ್ರಪ್ಪ, ನಾನೇನ್ ಗೂಡಿನ್ ಮೂಟೆನಾ?" ಎಂದಳು.

ನಾಲ್ವರೂ ಹಿಂದೆ ಸರಿದರು. ಆಗ ದೊಡ್ಡಮುನಿಯಪ್ಪನವರೇ ಬಣ್ಣದ ಕಾಗದ ಸುತ್ತಿದ ಪೆಟ್ಟಿಗೆ ಹಿಡಿದು ಇಳಿಯತೊಡಗಿದರು. ನಾಲ್ಕು ಮೆಟ್ಟಿಲು ಇಳಿದು, "ತಗಳಮ್ಮ, ನಾನೇ ಇಳ್ದು ಬಂದೀವ್ನಿ" ಎಂದರು.

"ನೀವ್ಯಾಕ್ ಇಳೀತೀರಿ ಸಾ? ಎಲ್ರೂ ಮ್ಯಾಲೆ ತಗಂಡವ್ರೆ. ನಾನೂ ಮ್ಯಾಲೇ ತಗತೀನಿ. ದಾರಿ ಮಾಡಿ, ಬತ್ತೀನಿ. ಈ ವರ್ಸ ಆಗ್ದಿದ್ರೆ ಮುಂದಿನ್ ವರ್ಸ."

ಸಿಟ್ಟಿನಿಂದ ಹೇಳಿದ್ದಲ್ಲ. ಮಾರುಕಟ್ಟೆಯಲ್ಲಿ ರೇಟು ಸರಿಬರದಿದ್ದರೆ ಗೂಡು ವಾಪಸ್ ಒಯ್ಯುವವಳ ದನಿಯಲ್ಲಿ ಹೇಳಿ ಸೈಕಲ್ಲು ತಿರುಗಿಸಿದಳು. ಎಲ್ಲಿಂದಲೋ ಒಂದು ಚಪ್ಪಾಳೆ ಎದ್ದಿತು, ಆಮೇಲೆ ಉಳಿದ ಸೈಕಲ್ಲುಗಳ ಗಂಟೆಗಳೂ ಮೊಳಗಿದವು. ನಾಲ್ಕನೇ ಮೆಟ್ಟಿಲ ಮೇಲೆ ನಿಂತಿದ್ದ ಅಧ್ಯಕ್ಷರು ಹತ್ತುವುದೋ ಇಳಿಯುವುದೋ ತಿಳಿಯದೆ ಪೆಟ್ಟಿಗೆಯನ್ನು ತಮ್ಮ ಎದೆಗೇ ಒತ್ತಿಕೊಂಡರು.

ವಾಪಸ್ ಬರುವಾಗ ಆಟೋದಲ್ಲಿ ಅವಳು ಒಂದು ಬಾಟ್ಲಿ ನೀರನ್ನು ಒಂದೇ ಉಸಿರಿಗೆ ಕುಡಿದಳು. "ಬೆಳಿಗ್ಗೆಯಿಂದ ಕುಡಿದಿರಲಿಲ್ವಾ?" ಎಂದೆ.

"ಎಂಗ್ ಕುಡೀಲಿ ಸಾ? ಕಕ್ಕಸ್ಸಿಗೂ ಮೂರು ಮೆಟ್ಲು. ಬಾಗ್ಲು ನನ್ ಸೈಕಲ್ಗಿಂತ ಕಿರಿದು."

ನಾನು ಅದೇ ಕಕ್ಕಸ್ಸಿಗೆ ಆ ದಿನ ಮೂರು ಸಲ ಹೋಗಿ ಬಂದಿದ್ದೆ. ಅಲ್ಲಿ ಮೆಟ್ಟಿಲಿತ್ತೆಂದು ನನಗೆ ನೆನಪೇ ಇರಲಿಲ್ಲ.

ಒಂದು ವಾರದ ಮೇಲೆ ಸಂಘದವರು ಆ ಪೆಟ್ಟಿಗೆಯನ್ನು ನನ್ನ ಕೈಯಲ್ಲಿ ಕಳಿಸಿದರು. ಬಿಚ್ಚಿದರೆ ಒಳಗೆ ಓಟದ ಬೂಟು, ಹತ್ತನೇ ನಂಬರಿನದು. ಬೋರಮ್ಮ ಒಂದು ಬೂಟನ್ನು ಕೈಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಕಡೆ ಹಿಡಿದು ನಕ್ಕಳು. ಅತ್ತಿಗೆಯೂ ನಕ್ಕಳು, ಕಾಫಿಯೂ ಬಂತು. ಬೂಟು ನಾಗರಾಜುವಿನ ಕಾಲಿಗೆ ಸರಿಹೋಯಿತು. ಸೊಪ್ಪು ಕೊಯ್ಯಲು ಅದನ್ನೇ ಹಾಕಿಕೊಂಡು ಹೋಗಿ ಹರಿದು ಹಾಕಿದ.

ದೊಡ್ಡಮುನಿಯಪ್ಪನವರಿಗೆ ಮಾತ್ರ ಆ ಸಂಜೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಾಗಿತ್ತು. ಒಂದು ಮದುವೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದರು. "ಏನ್ ನಟರಾಜು ಮೇಷ್ಟ್ರೇ, ಇಪ್ಪತ್ ವರ್ಸದಿಂದ ಕಟ್ಟಡ ಕಟ್ತಾವ್ನಿ. ನನ್ಗೇ ದಾರಿ ಮಾಡು ಅಂದ್ಬುಟ್ಲಲ್ಲ ನಿಮ್ ಶಿಷ್ಯೆ!" ಎಂದರು. ಆದರೆ ಯುಗಾದಿ ಕಳೆದ ಮೇಲೆ ಅವರಿಂದಲೇ ಕರೆ ಬಂತು. ದಾರಿ ಮಾಡಿದ್ದಾಗಿದೆ, ಬಂದು ನೋಡಿ ಎಂದು.

ಹೋದೆವು. ಮೆಟ್ಟಿಲಿನ ಪಕ್ಕದಲ್ಲಿ ಒಂದು ಇಳಿಜಾರು ಎದ್ದಿತ್ತು. ಎತ್ತರ ನಾಲ್ಕೂವರೆ ಅಡಿ, ಉದ್ದ ಒಂಬತ್ತೇ ಅಡಿ. ಅಂದವಾಗಿ ಕಾಣಲೆಂದು ಮೇಲೆ ಬಚ್ಚಲಿಗೆ ಹಾಕುವ ಬಿಳಿ ಟೈಲ್ಸ್ ಬೇರೆ. ಬೋರಮ್ಮ ಕೆಳಗಿನಿಂದ ಮೇಲಿನವರೆಗೂ ನೋಡಿದಳು.

"ಸಾ, ಇದು ಹತ್ತಕ್ಕಾ, ಜಾರಕ್ಕಾ?"

"ಫ್ಯಾಕ್ಟ್ರೀಲಿ ಲಾರಿ ಹತ್ಸಿರೋನು ಕಣಮ್ಮಿ ನಾನು. ನಿನ್ ಸೈಕಲ್ ಯಾವ್ ಲೆಕ್ಕ?"

"ಲಾರಿಗೆ ಇಂಜಿನ್ ಐತೆ ಸಾ, ನನ್ಗೆ ಇರಾದು ಎರಡು ಕೈ. ಬೇಕಾರೆ ನೀವೇ ಒಸಿ ಹತ್ತಿ ತೋರ್ಸಿ."

ಸೈಕಲ್ಲಿನಿಂದ ಕೈಯೂರಿ ಪಕ್ಕದ ಜಗುಲಿಗೆ ಜರುಗಿ ಕೂತು, ಬನ್ನಿ ಎಂಬಂತೆ ಸೀಟು ತೋರಿಸಿದಳು. ಅಲ್ಲಿ ಗಾರೆ ಕೆಲಸದವರು ಏಳೆಂಟು ಜನ ನಿಂತಿದ್ದರು. ಅವರೆದುರಿಗೆ ಹಿಂದೆಗೆಯುವ ಹಾಗಿಲ್ಲ. ದೊಡ್ಡಮುನಿಯಪ್ಪನವರು ಪಂಚೆ ಎತ್ತಿಕಟ್ಟಿ ಸೈಕಲ್ಲಿನಲ್ಲಿ ಇಳಿದು ಕೂತರು. ಸೈಕಲ್ಲು ಒಮ್ಮೆ ನರಳಿತು. ದೂರದಿಂದ ವೇಗ ತೆಗೆದುಕೊಂಡು ಬಂದು ಇಳಿಜಾರಿಗೆ ನುಗ್ಗಿಸಿದರು. ಮುಂದಿನ ಗಾಲಿ ಎರಡಡಿ ಹತ್ತಿತು. ಮೂರಡಿ ಹತ್ತಿತು. ಅಲ್ಲಿ ನಿಂತಿತು. ಅವರ ಕುತ್ತಿಗೆಯ ನರ ಉಬ್ಬಿತು, ಮುಖ ಟೊಮೇಟೊ ಆಯಿತು, ಪೆಡಲು ಮಾತ್ರ ಮುಂದೆ ಹೋಗಲಿಲ್ಲ.

"ಬ್ರೇಕ್ ಹಿಡೀರಿ ಸಾ!" ಎಂದು ಬೋರಮ್ಮ ಕೂಗಿದಳು.

ಯಾವುದು ಬ್ರೇಕ್ ಎಂದು ಅವರು ಹುಡುಕುವಷ್ಟರಲ್ಲಿ ಸೈಕಲ್ಲು ಹಿಂದಕ್ಕೆ ಹೊರಟಿತ್ತು. ಗಾರೆಯವರು ಇಬ್ಭಾಗವಾಗಿ ದಾರಿ ಬಿಟ್ಟರು. ಸಂಘದ ಅಧ್ಯಕ್ಷರು ಬೆನ್ನು ಮುಂದಾಗಿ ಅಂಗಳ ದಾಟಿ, ತಾವೇ ತರಿಸಿ ಹಾಕಿಸಿದ್ದ ಮರಳಿನ ಗುಡ್ಡೆಗೆ ಹೊಕ್ಕು ನಿಂತರು. ಗಾಯವೇನೂ ಆಗಲಿಲ್ಲ. ಪಂಚೆಯ ಅರ್ಧ ಚೈನಿನಲ್ಲಿತ್ತು. ಯಾರೂ ನಗಲಿಲ್ಲ, ನಗದೆ ಇರುವುದಕ್ಕೆ ಒಬ್ಬೊಬ್ಬರೂ ಪಟ್ಟ ಪಾಡು ಅಷ್ಟಿಷ್ಟಲ್ಲ. ದೊಡ್ಡಮುನಿಯಪ್ಪನವರು ಮರಳಿನಲ್ಲಿ ಹಾಗೇ ಕೂತು ಆ ಬಿಳಿ ಇಳಿಜಾರನ್ನು ಬಹಳ ಹೊತ್ತು ನೋಡಿದರು.

"ಒಡೀರ್ಲಾ ಇದ್ನ" ಎಂದರು ಕೊನೆಗೆ.

ಆಮೇಲೆ ಮೊದಲು ನಕ್ಕವರೂ ಅವರೇ. ಅವತ್ತಿನಿಂದ ಅವರ ಮೇಲೆ ನನಗೆ ಗೌರವ ಬಂತು.

ಸರಿಯಾದ ಇಳಿಜಾರು ಹೇಗಿರಬೇಕೆಂದು ತೋರಿಸುತ್ತೇನೆ ಬನ್ನಿ ಎಂದು ಬೋರಮ್ಮ ಮರುವಾರ ಅವರನ್ನು ರಾಮನಗರದ ಗೂಡಿನ ಮಾರುಕಟ್ಟೆಗೆ ಕರೆದೊಯ್ದಳು. ಅವಳ ಸೈಕಲ್ಲು ರಿಪೇರಿ ಮಾಡುತ್ತಿದ್ದ ಚನ್ನಪಟ್ಟಣದ ವೆಲ್ಡರ್ ಮಕ್ಬೂಲ್ ಸಾಬರೂ ಟೇಪು ಹಿಡಿದು ಜೊತೆಗೆ ಬಂದರು. ಮೂಟೆ ಇಳಿಸುವ ಕಡೆ ಒಂದು ಉದ್ದನೆಯ ಒರಟು ಗಾರೆಯ ಇಳಿಜಾರಿತ್ತು. ಬೋರಮ್ಮ ಅದರ ಮೇಲೆ ಮಾತಾಡುತ್ತಲೇ ಸೈಕಲ್ಲು ಹತ್ತಿಸಿದಳು, ಉಸಿರು ಕೂಡ ಏರಲಿಲ್ಲ.

"ನೋಡಿ ಸಾ, ಗೂಡಿಗೆ ಎಷ್ಟ್ ಚೆಂದಾಗ್ ದಾರಿ ಮಾಡವ್ರೆ. ಮನುಸ್ರಿಗ್ ಮಾತ್ರ ಎಲ್ಲಾ ಕಡೀಕೂ ಮೆಟ್ಲು."

ಮಕ್ಬೂಲ್ ಸಾಬರು ಬಗ್ಗಿ ಅಳೆದರು. "ಒಂದ್ ಅಡಿ ಎತ್ರಕ್ಕೆ ಹನ್ನೆರಡು ಅಡಿ ಉದ್ದ ಬೀಳ್ತದೆ ಸಾಹೇಬ್ರೆ. ನಿಮ್ದು ನಾಲ್ಕೂವರೆ ಅಲ್ವಾ, ಹಂಗಾರೆ ಐವತ್ನಾಲ್ಕು."

"ಐವತ್ನಾಲ್ಕ್ ಅಡಿನಾ? ಲೋ ಮಕ್ಬೂಲಾ, ನನ್ ಕಲಾಭವನನೇ ನಲ್ವತ್ ಅಡಿ ಕಣಪ್ಪಾ!"

"ಬಗ್ಗುಸಿ ಸಾ" ಎಂದಳು ಬೋರಮ್ಮ. "ಒಂದ್ ಸುತ್ತು ಬಗ್ಗುಸಿ. ಮಧ್ಯ ಒಸಿ ಸಮ ಬುಟ್ರೆ ಉಸ್ರು ತಗಬೋದು."

ಬಗ್ಗಿಸಬಹುದಿತ್ತು. ಆದರೆ ಬಗ್ಗಿಸುವ ಜಾಗದಲ್ಲೇ ಒಂದು ಗೋಡೆ, ಗೋಡೆಯಲ್ಲಿ ಉದ್ಘಾಟನೆಯ ಕಲ್ಲು, ಕಲ್ಲಿನಲ್ಲಿ ಹೊಂಬಣ್ಣದ ಅಕ್ಷರದಲ್ಲಿ ಅಧ್ಯಕ್ಷರ ಹೆಸರು. ಕೆಲಸ ಅಲ್ಲಿಗೆ ನಿಂತಿತು. ಮೊದಲ ವಾರ ಸಿಮೆಂಟು ಇಲ್ಲವೆಂದರು, ಎರಡನೇ ವಾರ ಆಳಿಲ್ಲವೆಂದರು, ಮೂರನೇ ವಾರ ಅವರಿಗೇ ಜ್ವರವೆಂದರು. ಬೋರಮ್ಮನಿಗೆ ಅರ್ಥವಾಯಿತು. ಗೂಡು ಮಾರಿ ಬರುವಾಗ ಒಂದು ದಿನ ಆಟೋವನ್ನು ಅವರ ಮನೆ ಮುಂದೆ ನಿಲ್ಲಿಸಿದಳು. ನಾನೂ ಜೊತೆಗಿದ್ದೆ.

"ಸಾ, ಆ ಕಲ್ಲನ್ನ ಇದ್ವರ್ಗೂ ಯಾರಾರ ಪೂರ್ತಿ ಓದವ್ರಾ?"

ದೊಡ್ಡಮುನಿಯಪ್ಪನವರು ಯೋಚಿಸಿದರು. "ಓದಿರ್ಬೇಕು."

"ಮೆಟ್ಲು ಹತ್ತೋರು ಕಾಲು ನೋಡ್ಕಂಡ್ ಹತ್ತಾರೆ, ಗೋಡೆ ನೋಡಲ್ಲ. ಅದನ್ನ ಕಿತ್ತು ಇಳಿಜಾರಿನ್ ಪಕ್ಕಕ್ಕೆ ಕೂರ್ಸಿ. ನಾವು ನಿಧಾನಕ್ಕೆ ಹತ್ತೋರು. ಮಧ್ಯ ಉಸ್ರು ತಗಳಕ್ಕೂ ನಿಲ್ತೀವಿ. ಒಂದಕ್ಸರ ಬುಡ್ದಂಗೆ ಓದ್ತೀವಿ."

ಅಧ್ಯಕ್ಷರ ಮುಖ ಅರಳಿದ್ದನ್ನು ನೋಡಬೇಕಿತ್ತು. ಮಾರನೆಯ ದಿನವೇ ಗೋಡೆ ಉರುಳಿತು. ಒರಟು ಗಾರೆಯ ಇಳಿಜಾರು ಒಂದು ಸುತ್ತು ಬಗ್ಗಿ ವೇದಿಕೆ ಮುಟ್ಟಿತು. ಮಕ್ಬೂಲ್ ಸಾಬರು ಎರಡೂ ಕಡೆ ಪೈಪಿನ ಕೈಹಿಡಿ ಕೂರಿಸಿದರು. ಕಕ್ಕಸ್ಸಿನ ಮೆಟ್ಟಿಲು ಒಡೆದು ಬಾಗಿಲು ಅಗಲ ಮಾಡಿದರು. ಸಮ ಬಿಟ್ಟ ಜಾಗದಲ್ಲಿ, ಕೂತವರ ಕಣ್ಣಿಗೆ ನೇರವಾಗಿ, ಹೆಸರಿನ ಕಲ್ಲು ಬಂತು.

ಆ ವರ್ಷದ ಡಿಸೆಂಬರ್ ಮೂರಕ್ಕೆ ಬೋರಮ್ಮ ಐದು ಮೀಟರ್ ಮೂವತ್ತು ಎಸೆದಳು, ಹಿಂದಿನ ಸಲಕ್ಕಿಂತ ಜಾಸ್ತಿ. ನಾನು ಈ ಸಲವೂ ಕುಣಿಯಲು ಸಿದ್ಧನಾಗಿದ್ದೆ. ಅಷ್ಟರಲ್ಲಿ ರಾಮನಗರದ ರೇಷ್ಮೆ ಬಿಚ್ಚುವವರ ಮನೆಯ ಹುಡುಗಿ, ಕೆಹಕಶಾನ್ ಅಂತ, ಹತ್ತೊಂಬತ್ತು ವರ್ಷ, ಕುರ್ಚಿಯಲ್ಲಿ ಕೂತು ದುಪಟ್ಟಾ ಸೊಂಟಕ್ಕೆ ಬಿಗಿದು ಎಸೆದಳು. ಐದು ಮೀಟರ್ ಎಂಬತ್ತು.

ಬೋರಮ್ಮ ಟೇಪು ಹಿಡಿದವನಿಂದ ಎರಡು ಸಲ ಅಳೆಸಿದಳು. "ಫೌಲು ಕಣ್ ಸಾ, ಸೀಟಿಂದ ಎದ್ಲು" ಎಂದು ನನ್ನ ಹತ್ತಿರ ವಾದಿಸಿದಳು. ಎದ್ದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಹೀಗೆ ತಾನು ಹೇಳಿ ಮಾಡಿಸಿದ ದಾರಿಯಲ್ಲಿ ಬೋರಮ್ಮ ಎರಡನೆಯವಳಾಗಿ ಹತ್ತಬೇಕಾಯಿತು. ಮುಂದೆ ಕೆಹಕಶಾನಳ ಸೈಕಲ್ಲು, ಹಿಂದೆ ಇವಳದು. ಇಬ್ಬರೂ ಬಗ್ಗುವಲ್ಲಿ ನಿಂತು ಕಲ್ಲನ್ನು ಗಟ್ಟಿಯಾಗಿ ಓದಿದರು. ಮೇಲೆ ದೊಡ್ಡಮುನಿಯಪ್ಪನವರು ಕಣ್ಣೊರೆಸಿಕೊಂಡರೆಂದು ಕೆಲವರು ಹೇಳುತ್ತಾರೆ. ನನಗೆ ಕಂಡಿದ್ದು ಅವರು ಕನ್ನಡಕ ಒರೆಸಿಕೊಂಡದ್ದು. ಬೋರಮ್ಮ ಎರಡನೇ ಬಹುಮಾನದ ಫ್ಲಾಸ್ಕು ತೆಗೆದುಕೊಂಡಳು, ಮುಚ್ಚಳ ಬಿಚ್ಚಿ ಒಳಗೆ ಇಣುಕಿ ನೋಡಿದಳು. ಆಮೇಲೆ ಸೈಕಲ್ಲನ್ನು ವೇದಿಕೆಯ ಅಂಚಿಗೆ ತಂದು ಸುಮ್ಮನೆ ನಿಲ್ಲಿಸಿದಳು. ಅಪ್ಪನ ಹೆಗಲಿನಿಂದ ಇಳಿದ ಮೇಲೆ ಅವಳು ಜನರನ್ನು ಕೆಳಗಿನಿಂದಲೇ ನೋಡಿದವಳು. ಸಾವಿರ ಮುಖ ಒಟ್ಟಿಗೆ, ಅದೂ ಮೇಲಿನಿಂದ, ಅವತ್ತೇ ಮೊದಲು. ಮೈಕಿನವನು ಮುಂದಿನ ಹೆಸರು ಕೂಗಿದರೂ ಅವಳು ಜಾಗ ಬಿಡಲಿಲ್ಲ. ಯಾರೂ ಅವಸರ ಮಾಡಲಿಲ್ಲ.

ಇಳಿದು ಬಂದ ಮೇಲೆ ನೇರವಾಗಿ ಕೆಹಕಶಾನಳ ಹತ್ತಿರ ಹೋದಳು. "ನಿನ್ ಮೊಣಕೈ ಒಳಿಕ್ ಬತ್ತದೆ ಕಣಮ್ಮಿ, ಅದನ್ನ ಸರಿ ಮಾಡ್ಕಂಡ್ರೆ ಇನ್ನೂ ಅರ್ಧ ಮೀಟರ್ ಓಯ್ತದೆ" ಎಂದಳು. ಹುಡುಗಿ, "ತೋರ್ಸಿ ಅಕ್ಕಾ" ಎಂದಳು. ಅವತ್ತಿನಿಂದ ಗೂಡು ಮಾರಲು ರಾಮನಗರಕ್ಕೆ ಹೋದ ದಿನವೆಲ್ಲ, ಹರಾಜು ಮುಗಿದ ಮೇಲೆ, ಅವರ ಮನೆಯ ಹಿಂದಿನ ಬಯಲಿನಲ್ಲಿ ಒಂದು ಗಂಟೆ ಅಭ್ಯಾಸ. ನಾನು ಹೇಳಿಕೊಟ್ಟಿದ್ದನ್ನೆಲ್ಲ ತಾನೇ ಕಂಡುಹಿಡಿದದ್ದೆಂದು ಬೋರಮ್ಮ ಅವಳಿಗೆ ಹೇಳಿದ್ದಾಳೆಂದು ಕೇಳಿದ್ದೇನೆ.

ಮುಂದಿನ ವರ್ಷ ನಾನು ನಿವೃತ್ತನಾದೆ. ಕೆಹಕಶಾನ್ ರಾಜ್ಯಮಟ್ಟದ ಕೂಟಕ್ಕೆ ಬೆಂಗಳೂರಿಗೆ ಹೋದಳು, ಜೊತೆಗೆ ತರಬೇತುದಾರಳಾಗಿ ಬೋರಮ್ಮ. ಮಧ್ಯಾಹ್ನ ಮೂರು ಗಂಟೆಗೆ ನನ್ನ ಮೊಬೈಲು ಬಡಿದುಕೊಂಡಿತು.

"ಸಾ, ನಾಕ್ನೇದಾಗ್ ಬಂದ್ಲು. ಒಂದೇ ಸಮ ಅಳ್ತಾವ್ಳೆ. ಏನ್ ಯೋಳ್ಲಿ?"

"ಏನೂ ಹೇಳ್ಬೇಡ. ಮಸಾಲೆ ದೋಸೆ ಕೊಡ್ಸು."

"ಕೊಡ್ಸಿದೆ ಸಾ. ಎರಡ್ ತಿಂದ್ಲು. ತಿಂದ್ಕಂಡೂ ಅಳ್ತಾವ್ಳೆ."

"ನೀನು ತಿಂದ್ಯಾ?"

ಆ ಕಡೆಯಿಂದ ಮೂಗು ಎಳೆದ ಸದ್ದು ಬಂತು.

"ಇಲ್ಲ ಸಾ," ಎಂದಳು ಬೋರಮ್ಮ, "ನಾನೂವೆ ಅಳ್ತಾ ಇವ್ನಿ."